ತಣ್ಣಗಿದ್ದಾಗಲೇ ನೋಡಬೇಕು

ಜನವರಿಯಲ್ಲಿ ಹಿಟ್ಟೂ ಏಳುವುದಿಲ್ಲ, ಓಮ್ನಿಯೂ ಏಳುವುದಿಲ್ಲ.
ಹಿಟ್ಟಿಗಾದರೆ ಕಂಬಳಿ ಹೊದಿಸುತ್ತೇನೆ,
ಡಬರಿಯನ್ನು ಒಲೆಯ ಪಕ್ಕಕ್ಕೆ ಸರಿಸುತ್ತೇನೆ,
ಬೆರಳದ್ದಿದರೆ ಸಾಕು, ಇನ್ನೆಷ್ಟು ಹೊತ್ತು ಬೇಕೆಂದು ತಿಳಿಯುತ್ತದೆ.
ಗಾಡಿಗೆ ಎಲ್ಲಿ ಬೆರಳದ್ದಲಿ?

ಮತ್ತಿಕೆರೆಯ ಮೂರನೇ ಅಡ್ಡರಸ್ತೆ, ಬೆಳಗಿನ ನಾಲ್ಕೂವರೆ.
ಹನ್ನೊಂದು ಡಬ್ಬ ದೋಸೆಹಿಟ್ಟು ಹಿಂದೆ,
ಪೀಣ್ಯದ ನಾಲ್ಕು ಕ್ಯಾಂಟೀನು ಮುಂದೆ,
ನಡುವೆ ನಾನು, ಚೋಕ್ ಎಳೆದುಕೊಂಡು.
ಕುರ್ ಕುರ್ ಕುರ್ ಕುರ್.
ಬಿಟ್ಟು, ಮನಸ್ಸಿನಲ್ಲೇ ಹತ್ತು ಎಣಿಸಿ,
ಮತ್ತೆ ಕುರ್ ಕುರ್ ಕುರ್.
ಮೊದಲ ಮಹಡಿಯ ಕಿಟಕಿಯಲ್ಲಿ ಮಂಕಿಕ್ಯಾಪು ಮೂಡುತ್ತದೆ:
‘ಬ್ಯಾಟರಿ ತುಂಗಮ್ಮ, ಬ್ಯಾಟರಿ!’

ಬ್ಯಾಟರಿ ಬದಲಾಯಿತು. ನಾಲ್ಕು ಸಾವಿರದ ಇನ್ನೂರು.
ಟರ್ಮಿನಲ್ಲಿನ ಬಿಳಿ ಬೂಷ್ಟನ್ನು ಬಿಸಿನೀರು ಹೊಯ್ದು ತೊಳೆದೆ.
ಕುರ್ ಕುರ್ ಇನ್ನಷ್ಟು ಜೋರಾಯಿತು, ಅಷ್ಟೆ.
ಪ್ಲಗ್ ಅಂದರು ಹಾಲಿನ ಬೂತಿನವರು. ಪ್ಲಗ್ಗೂ ಹೊಸದಾಯಿತು.
ಮಾರಿಬಿಡು ಅಂದ ನನ್ನ ತಮ್ಮ,
ಜನ್ಮದಲ್ಲಿ ಒಂದು ಸೈಕಲ್ಲೂ ಕೊಳ್ಳದವನು.

ಸಗಾಯರಾಜನ ಗ್ಯಾರೇಜಿಗೆ ಒಯ್ದರೆ, ಮಧ್ಯಾಹ್ನ ಮೂರಕ್ಕೆ,
ಅರ್ಧ ಕೀಲಿಗೇ ಎದ್ದಿತು ಕಳ್ಳಗಾಡಿ,
ಡಾಕ್ಟರ ಮುಂದೆ ಜ್ವರ ಬಿಟ್ಟ ಮಗುವಿನ ಹಾಗೆ.
ನಾನು ಪೆಚ್ಚಾದೆ.
ಅವನು ನಗಲಿಲ್ಲ. ‘ಬೆಳಗ್ಗೆ ಹೇಗೆ ಕೂಗುತ್ತೆ? ಕೂಗಿ ತೋರಿಸಿ.’
ಐವತ್ತೆರಡು ವರ್ಷದವಳು, ಗೊರಗುಂಟೆಪಾಳ್ಯದ ರಸ್ತೆಯಲ್ಲಿ ನಿಂತು
ಬಾಯಲ್ಲೇ ಗಾಡಿ ಸ್ಟಾರ್ಟ್ ಮಾಡಿದೆ.
ಸ್ಪ್ಯಾನರ್ ಹುಡುಗ ಟೈರಿನ ರಾಶಿಯ ಹಿಂದೆ ಹೋಗಿ ನಕ್ಕು ಬಂದ.
‘ಕೊನೆಗೆ ಒಂದೇ ಸಲಕ್ಕೆ ಹತ್ತುತ್ತಾ, ಕೆಮ್ಮಿ ಹತ್ತುತ್ತಾ?’
ಕೆಮ್ಮಿ.
‘ನೆಲದ ಮೇಲೆ ಪೆಟ್ರೋಲು?’
ಒಂದು ಹನಿಯೂ ಇಲ್ಲ. ದಿನಾ ನೋಡ್ತೀನಿ.
‘ಹಾಗಾದ್ರೆ ತಣ್ಣಗಿದ್ದಾಗಲೇ ನೋಡಬೇಕು. ನಾಳೆ ಬರ್ತೀನಿ.
ನಾನು ಬರೋ ತನಕ ಕೀಲಿ ಮುಟ್ಟಬೇಡಿ.’

ಬಂದ. ನಾಲ್ಕೂಕಾಲಿಗೆ. ಸ್ವೆಟರಿನ ಮೇಲೆ ಸ್ವೆಟರು,
ಬಾಯಲ್ಲಿ ಟಾರ್ಚು.
ಸೀಟು ಎತ್ತಿ, ಕಾರ್ಬುರೇಟರಿಗೆ ಹೋಗುವ ಪೈಪು ಬಿಚ್ಚಿ
ಅಂಗೈ ಮೇಲೆ ಬಗ್ಗಿಸಿದ. ಒಣ.
‘ರಾತ್ರಿಯೆಲ್ಲ ಪೆಟ್ರೋಲು ವಾಪಸ್ ಟ್ಯಾಂಕಿಗೆ ಜಾರಿದೆ.
ಬೆಳಗ್ಗೆ ನೀವು ಗಾಡಿ ಸ್ಟಾರ್ಟ್ ಮಾಡ್ತಾ ಇಲ್ಲ,
ಬಾವಿಯಿಂದ ನೀರು ಸೇದ್ತಾ ಇದ್ದೀರಿ.’
ಆಮೇಲೆ ಬೆನ್ನ ಮೇಲೆ ಗಾಡಿಯ ಕೆಳಗೆ ತೂರಿಕೊಂಡ.
ಎರಡು ಚಪ್ಪಲಿ ಮಾತ್ರ ಹೊರಗೆ.
ಬಹಳ ಹೊತ್ತು ಏನೂ ಇಲ್ಲ.
ಪೇಪರ್ ಹುಡುಗ ಬಂದು ಹೋದ.
ಸಿಕ್ತು, ಅಂದವು ಚಪ್ಪಲಿಗಳು.

ಟ್ಯಾಂಕಿನಿಂದ ಪಂಪಿಗೆ ಬರುವ ರಬ್ಬರು ಪೈಪು.
ಕ್ಲಿಪ್ಪಿನ ಅಡಿಯಲ್ಲಿ ಉಗುರಿಗಿಂತ ಸಣ್ಣ ಸೀಳು,
ಬಗ್ಗಿಸಿದರೆ ಬಾಯಿ ಬಿಡುತ್ತದೆ, ಬಿಟ್ಟರೆ ಮುಚ್ಚಿಕೊಳ್ಳುತ್ತದೆ.
‘ಇದು ಸೋರಲ್ಲ, ಅದಕ್ಕೇ ಯಾರಿಗೂ ಗೊತ್ತಾಗಲ್ಲ.
ಪೆಟ್ರೋಲನ್ನ ಹೊರಗೆ ಬಿಡಲ್ಲ,
ಗಾಳೀನ ಒಳಗೆ ಬಿಡುತ್ತೆ.’
ಇಷ್ಟು ದಿನ ನಾನು ಟಾರ್ಚು ಹಿಡಿದು
ಹನಿ ಹುಡುಕಿದ್ದೆ, ನೆಲದ ಮೇಲೆ.

ಜೇಬಿನಿಂದಲೇ ಹೊಸ ಪೈಪು ತೆಗೆದ.
ಗೊತ್ತಿದ್ದೇ ಬಂದಿದ್ದಾನೆ, ನೋಡುವ ತನಕ ಹೇಳಲಿಲ್ಲ.
ಪೈಪಿಗೆ ಎಂಬತ್ತು ರೂಪಾಯಿ.
ನಸುಕಿಗೆ ಎದ್ದು ಬಂದದ್ದಕ್ಕೆ ದುಡ್ಡು ಬೇಡವಂತೆ,
ಎರಡು ಲೀಟರು ಹಿಟ್ಟು ಸಾಕಂತೆ.
ಹಿಟ್ಟು ಇನ್ನೂ ಉಬ್ಬಿಲ್ಲ, ಹತ್ತು ಗಂಟೆಯ ಮೇಲೆ ಹುಯ್ಯಿ ಅಂದೆ.
ತಲೆ ಆಡಿಸಿದ, ಒಬ್ಬ ಮೆಕ್ಯಾನಿಕ್ ಇನ್ನೊಬ್ಬರಿಗೆ ಆಡಿಸುವ ಹಾಗೆ.

ಮರುದಿನ ಚೋಕ್ ಎಳೆದೆ, ಕೀಲಿ ತಿರುಗಿಸಿದೆ,
ಎದ್ದುಬಿಟ್ಟಿತು.
ಎಷ್ಟು ಬೇಗ ಅಂದರೆ, ಕ್ಲಚ್ಚಿನ ಮೇಲೆ ಕಾಲಿಟ್ಟು
ಸುಮ್ಮನೆ ಕೂತಿದ್ದೆ ಸ್ವಲ್ಪ ಹೊತ್ತು,
ಉಳಿದ ಹತ್ತು ನಿಮಿಷವನ್ನು ಏನು ಮಾಡುವುದೆಂದು ತಿಳಿಯದೆ.
ಮೇಲೆ ಕಿಟಕಿ ಕತ್ತಲಾಗಿತ್ತು.

ಸಂಜೆ ಗೇಟಿನ ಹತ್ತಿರ ಸಿಕ್ಕರು ಪದ್ಮನಾಭಯ್ಯ, ಮಂಕಿಕ್ಯಾಪಿಲ್ಲದೆ.
‘ಇವತ್ತು ರಜವಾ? ನನಗೆ ಎಚ್ಚರವೇ ಆಗಲಿಲ್ಲವಲ್ರೀ.
ವಾಕಿಂಗ್ ತಪ್ಪಿಹೋಯ್ತು.’